ಮೊದಲ ವರ್ಷದ ಓದಿಗೆ ಬೆಂಗಳೂರಿಗೆ ಬರುವವರು ಕಡಿಮೆ ಖರ್ಚಿನಲ್ಲಿ ಉಳಿಯಲು ಜಾಗ ಹುಡುಕೋದು ಹೇಗೆ?

ಸೀಟು ಸಿಕ್ಕ ಖುಷಿಯ ಹಿಂದೆಯೇ ಮನೆಯಲ್ಲಿ ಒಂದು ಚಿಂತೆ ಶುರುವಾಗುತ್ತದೆ. ಮಗು ಎಲ್ಲಿ ಉಳಿದುಕೊಳ್ಳುತ್ತದೆ? ಕಾಲೇಜಿನ ಫೀಸು ಇಷ್ಟು ಅಂತ ರಸೀದಿಯಲ್ಲಿ ಬರೆದಿರುತ್ತದೆ. ಇರೋದಕ್ಕೆ, ಊಟಕ್ಕೆ, ಓಡಾಟಕ್ಕೆ ಎಷ್ಟಾಗುತ್ತದೆ ಅನ್ನೋದನ್ನು ಯಾರೂ ಬರೆದುಕೊಡುವುದಿಲ್ಲ. ಸರ್ಕಾರಿ ಸೀಟಿನಲ್ಲಿ ಓದುವ ಎಷ್ಟೋ ಮಕ್ಕಳಿಗೆ ವರ್ಷದ ಫೀಸಿಗಿಂತ ಉಳಿಯುವ ಖರ್ಚೇ ಜಾಸ್ತಿ.

ನಮ್ಮೂರ ಕಡೆಯಿಂದ ಬೆಂಗಳೂರಿಗೆ ಬರುವ ಮಕ್ಕಳಿಗೆ ಜಾಗ ಹುಡುಕಿಕೊಡುವ ಕೆಲಸವನ್ನು ಹಲವು ವರ್ಷಗಳಿಂದ ಮಾಡುತ್ತಾ ಬಂದಿದ್ದೇನೆ. ಅದರಲ್ಲಿ ಒಂದು ವಿಷಯ ನನಗೆ ಗಟ್ಟಿಯಾಗಿ ಗೊತ್ತಾಗಿದೆ. ಬಡ ಮನೆಗಳ ದುಡ್ಡು ಹಾಳಾಗೋದು ಬಾಡಿಗೆ ಜಾಸ್ತಿ ಇರೋದರಿಂದಲ್ಲ, ಅವಸರದಿಂದ. ಕ್ಲಾಸು ನಾಳೆ ಶುರು ಅಂದಾಗ ಬಸ್ಸಿಳಿದು, ಮೊದಲು ಕಂಡ ಪಿಜಿಗೆ (ಪೇಯಿಂಗ್ ಗೆಸ್ಟ್, ಅಂದರೆ ಊಟ ಸೇರಿದ ಖಾಸಗಿ ಬಾಡಿಗೆ ವಸತಿ) ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಎರಡು ತಿಂಗಳಲ್ಲಿ ಅಲ್ಲಿಂದ ಓಡಿಬರಬೇಕಾಗುತ್ತದೆ, ಅಡ್ವಾನ್ಸ್ ಅಲ್ಲೇ ಉಳಿಯುತ್ತದೆ. ಹಾಗಾಗದಿರಲು ಯಾವಾಗ ಏನು ಮಾಡಬೇಕು ಅನ್ನೋದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನವು. ಮೈಸೂರು, ಧಾರವಾಡಕ್ಕೆ ಹೋಗುವವರಿಗೂ ಬಹುಪಾಲು ಇದೇ ಹೊಂದುತ್ತದೆ.

ಹೆಜ್ಜೆ 1: ಕಾಲೇಜು ಆರಿಸುವಾಗಲೇ ಉಳಿಯುವ ಖರ್ಚು ನೋಡಿ

ಸಿಇಟಿ ಕೌನ್ಸೆಲಿಂಗ್‌ನಲ್ಲಿ ಆಪ್ಶನ್ ಎಂಟ್ರಿ ಮಾಡುವಾಗ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಕೊಡುವಾಗ, ಎಲ್ಲರೂ ಕಾಲೇಜಿನ ಹೆಸರು ನೋಡುತ್ತಾರೆ, ಬ್ರಾಂಚ್ ನೋಡುತ್ತಾರೆ. ಆ ಊರಿನಲ್ಲಿ ನಾಲ್ಕು ವರ್ಷ ಬದುಕಲು ಎಷ್ಟಾಗುತ್ತದೆ ಅಂತ ನೋಡುವವರು ಕಡಿಮೆ. ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳು ಹಾಸನ, ಹಾವೇರಿ, ರಾಯಚೂರು, ಕಾರವಾರ, ಚಾಮರಾಜನಗರ, ರಾಮನಗರ, ಕೆ.ಆರ್. ಪೇಟೆ, ಹೂವಿನಹಡಗಲಿಯಲ್ಲೂ ಇವೆ. ಈ ಊರುಗಳಲ್ಲಿ ರೂಮು, ಊಟ ಎರಡೂ ಬೆಂಗಳೂರಿಗಿಂತ ಅಗ್ಗ. ಬೆಂಗಳೂರೇ ಬೇಡ ಅಂತ ನಾನು ಹೇಳುತ್ತಿಲ್ಲ. ಕೆ.ಆರ್. ವೃತ್ತದ ಯುವಿಸಿಇಯಂಥ ಹೆಸರುವಾಸಿ ಇಂಜಿನಿಯರಿಂಗ್ ಕಾಲೇಜು ಸಿಕ್ಕರೆ ಖರ್ಚಾದರೂ ಬರಬೇಕು. ಆದರೆ ಹೆಸರೇ ಕೇಳದ ಖಾಸಗಿ ಕಾಲೇಜಿನ ಸೀಟು ಬೆಂಗಳೂರಿನಲ್ಲಿದೆ ಅನ್ನೋ ಒಂದೇ ಕಾರಣಕ್ಕೆ ಪಟ್ಟಿಯಲ್ಲಿ ಮೇಲಕ್ಕೆ ಹಾಕುವ ಮುಂಚೆ ಒಂದು ಲೆಕ್ಕ ಮಾಡಿ. ತಿಂಗಳಿಗೆ 4,000 ರೂಪಾಯಿ ಜಾಸ್ತಿ ಖರ್ಚಾದರೂ ವರ್ಷದ ಹತ್ತು ತಿಂಗಳಿಗೆ 40,000. ನಾಲ್ಕು ವರ್ಷಕ್ಕೆ 1,60,000.

ಹೆಜ್ಜೆ 2: ಕಾಗದ ಪತ್ರ ಮೊದಲೇ ಸಿದ್ಧವಿರಲಿ

ಪಿಯುಸಿ ಫಲಿತಾಂಶ ಬರುವ ಮುಂಚೆಯೇ ಮಾಡಿ ಮುಗಿಸಬೇಕಾದ ಕೆಲಸ ಇದು. ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿ. ಮೊದಲೇ ಇದ್ದರೆ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ನೋಡಿ. ಆ ಪತ್ರದ ಮೇಲಿರುವ ಆರ್‌ಡಿ ನಂಬರನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಸರ್ಕಾರದ ಹಾಸ್ಟೆಲ್ ಅರ್ಜಿಗೂ ವಿದ್ಯಾರ್ಥಿವೇತನಕ್ಕೂ ಅದು ಬೇಕೇ ಬೇಕು. ಆಧಾರ್‌ನಲ್ಲಿರುವ ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರು, ಬ್ಯಾಂಕ್ ಖಾತೆಯ ಹೆಸರು ಒಂದೇ ಥರ ಇರಲಿ. ಇನಿಶಿಯಲ್ ಒಂದು ಹಿಂದೆ ಮುಂದೆ ಆದರೂ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಬ್ಯಾಂಕಿನಲ್ಲಿ ಒಂದು ಮಾತು ಕೇಳಿಕೊಳ್ಳಿ.

ಹೆಜ್ಜೆ 3: ಮೊದಲ ಅರ್ಜಿ ಸರ್ಕಾರಿ ಹಾಸ್ಟೆಲ್‌ಗೆ

ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳು ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳನ್ನು ನಡೆಸುತ್ತವೆ. ಜನ ಬಿಸಿಎಂ ಹಾಸ್ಟೆಲ್ ಅಂತ ಕರೆಯೋದು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲನ್ನು. ಇಲ್ಲಿ ಊಟ, ವಸತಿ ಎರಡೂ ಉಚಿತ. ಅಂದರೆ ತಿಂಗಳಿಗೆ ಏಳೆಂಟು ಸಾವಿರ ರೂಪಾಯಿ ಮನೆಯಲ್ಲೇ ಉಳಿಯುತ್ತದೆ.

ಅರ್ಜಿ ಹಾಕಬೇಕಾದದ್ದು ಸ್ಟೇಟ್ ಹಾಸ್ಟೆಲ್ ಪೋರ್ಟಲ್‌ನಲ್ಲಿ. ಎಸ್‌ಎಚ್‌ಪಿ ಅಂತ ಹುಡುಕಿದರೆ ಸಿಗುತ್ತದೆ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ ಬೇರೆ, ಇದು ಬೇರೆ. ಒಂದರಲ್ಲಿ ಅರ್ಜಿ ಹಾಕಿ ಇನ್ನೊಂದೂ ಆಯಿತು ಅಂದುಕೊಳ್ಳುವ ಮಕ್ಕಳು ಬಹಳ. ಆದಾಯ ಮಿತಿ ಒಂದೊಂದು ವರ್ಗಕ್ಕೆ ಒಂದೊಂದು ಥರ ಇರುತ್ತದೆ. ಆ ವರ್ಷದ ಪ್ರಕಟಣೆಯಲ್ಲೇ ಓದಿಕೊಳ್ಳಿ. ಕಾಲೇಜಿನ ಹತ್ತಿರ ಯಾವ ಹಾಸ್ಟೆಲ್ ಇದೆ ಅಂತ ತಿಳಿದುಕೊಂಡು ಆಯ್ಕೆ ಕೊಡಿ. ಒಂದನ್ನೇ ಕೊಟ್ಟು ಕಾಯಬೇಡಿ, ಎಷ್ಟಕ್ಕೆ ಅವಕಾಶವಿದೆಯೋ ಅಷ್ಟನ್ನೂ ತುಂಬಿ.

ಇಲ್ಲೊಂದು ತೊಡಕಿದೆ. ಕ್ಲಾಸು ಶುರುವಾದ ಮೇಲೆ ಹಾಸ್ಟೆಲ್ ಪಟ್ಟಿ ಬರೋದೇ ಜಾಸ್ತಿ. ಒಂದು ತಿಂಗಳು, ಕೆಲವೊಮ್ಮೆ ಎರಡು ತಿಂಗಳು ಕಾಯಬೇಕಾಗುತ್ತದೆ. ಈ ಮಧ್ಯದ ದಿನಗಳಲ್ಲೇ ಮಕ್ಕಳು ಪಿಜಿ ಸೇರಿ, ಹನ್ನೊಂದು ತಿಂಗಳಿಗೆ ಸಹಿ ಹಾಕಿ, ಹಾಸ್ಟೆಲ್ ಸಿಕ್ಕಾಗ ಬಿಟ್ಟುಬರಲಾಗದೆ ಒದ್ದಾಡುತ್ತಾರೆ. ಆದ್ದರಿಂದ ಅರ್ಜಿ ಹಾಕಿದವರು ಬೇರೆ ಎಲ್ಲೇ ಉಳಿದರೂ ತಿಂಗಳ ಲೆಕ್ಕದಲ್ಲೇ ಉಳಿಯಬೇಕು. ಮೊದಲ ಪಟ್ಟಿಯಲ್ಲಿ ಹೆಸರಿಲ್ಲ ಅಂತ ಕೈಬಿಡಬೇಡಿ. ಸೀಟು ಸಿಕ್ಕೂ ಬಾರದವರ ಜಾಗಗಳು ಮುಂದಿನ ಸುತ್ತಿಗೆ ಬರುತ್ತವೆ. ಆ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ ಕೇಳಿ, ವಾರ್ಡನ್ ಹತ್ತಿರ ಹೋಗಿ ಕೇಳಿ. ನಾಚಿಕೆ ಬೇಡ. ಇದು ಯಾರೋ ಕೊಡುವ ದಾನವಲ್ಲ, ನಿಮಗೆ ಬರಬೇಕಾದ ಸೌಲಭ್ಯ.

ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗಲೇ ಇಲ್ಲ ಅನ್ನಿ. ಆಗ ವಿದ್ಯಾಸಿರಿ ಇದೆ. ಊಟ ಮತ್ತು ವಸತಿಗೆ ಅಂತ ತಿಂಗಳ ಲೆಕ್ಕದಲ್ಲಿ ಹತ್ತು ತಿಂಗಳಿಗೆ ನೆರವು ಕೊಡುವ ಯೋಜನೆ. ಅರ್ಜಿ ಎಸ್‌ಎಸ್‌ಪಿಯಲ್ಲಿ. ಹಣ ತಡವಾಗಿ ಬರುತ್ತದೆ, ಅದನ್ನು ನಂಬಿಕೊಂಡು ತಿಂಗಳ ಬಾಡಿಗೆ ಒಪ್ಪಿಕೊಳ್ಳಬೇಡಿ. ಆದರೆ ಅರ್ಜಿ ಹಾಕದೆ ಬಿಡಬೇಡಿ.

ಹೆಜ್ಜೆ 4: ಕಾಲೇಜು ಹಾಸ್ಟೆಲ್, ಮಠ, ಸಂಘ

ಅಡ್ಮಿಶನ್ ದಿನವೇ ಕಾಲೇಜು ಹಾಸ್ಟೆಲ್ ವಿಚಾರಿಸಿ. ಮೊದಲ ವರ್ಷದವರಿಗೆ, ಅದರಲ್ಲೂ ಹೊರ ಜಿಲ್ಲೆಯ ಹೆಣ್ಣುಮಕ್ಕಳಿಗೆ ಆದ್ಯತೆ ಕೊಡುವ ಕಾಲೇಜುಗಳಿವೆ. ವಿಶ್ವವಿದ್ಯಾಲಯದ ಹಾಸ್ಟೆಲ್ ಆದರೆ ಖಾಸಗಿ ಪಿಜಿಗಿಂತ ಸಾಮಾನ್ಯವಾಗಿ ಬಹಳ ಅಗ್ಗ. ಖಾಸಗಿ ಕಾಲೇಜಿನ ಹಾಸ್ಟೆಲ್ ಹಾಗಲ್ಲ. ವರ್ಷದ ಹಣ ಒಟ್ಟಿಗೆ ಕಟ್ಟಿಸಿಕೊಳ್ಳುತ್ತಾರೆ, ಕೆಲವು ಕಡೆ ಹತ್ತಿರದ ಪಿಜಿಗಿಂತ ಜಾಸ್ತಿಯೇ ಇರುತ್ತದೆ. ಮೆಸ್ ಖರ್ಚು ಸೇರಿದೆಯಾ, ರಜೆಯ ತಿಂಗಳಿಗೂ ಕಟ್ಟಬೇಕಾ, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್, ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಕಟ್ಟಿ. ಶಿಕ್ಷಣ ಸಾಲ ತೆಗೆಯುವವರು ಹಾಸ್ಟೆಲ್ ಖರ್ಚನ್ನೂ ಅದರಲ್ಲಿ ತೋರಿಸಬಹುದು. ಫೀಸಿಗೆ ಮಾತ್ರ ಸಾಲ ಕೇಳಿ, ಹಾಸ್ಟೆಲ್‌ಗೆ ಅಂತ ಊರಲ್ಲಿ ಕೈಗಡ ಮಾಡುವವರಿದ್ದಾರೆ. ಆ ಬಡ್ಡಿ ಬ್ಯಾಂಕಿನದಕ್ಕಿಂತ ಎಷ್ಟೋ ಜಾಸ್ತಿ.

ರ‍್ಯಾಗಿಂಗ್ ಭಯದಿಂದ ಹಾಸ್ಟೆಲ್ ಬೇಡ ಅನ್ನುವ ತಂದೆತಾಯಂದಿರಿಗೆ ಒಂದು ಮಾತು. ಯುಜಿಸಿಯ 2009ರ ನಿಯಮಗಳ ಪ್ರಕಾರ ರ‍್ಯಾಗಿಂಗ್ ತಡೆಯೋದು ಸಂಸ್ಥೆಯ ಹೊಣೆ. ದಿನದ ಯಾವ ಹೊತ್ತಿನಲ್ಲೂ 1800-180-5522ಕ್ಕೆ ಕರೆ ಮಾಡಿ ದೂರು ಕೊಡಬಹುದು. ಆ ನಂಬರು ಮಗುವಿನ ಫೋನಿನಲ್ಲಿರಲಿ.

ಇನ್ನು ಮಠ ಮತ್ತು ಸಂಘಗಳು. ನಮ್ಮ ನಾಡಿನಲ್ಲಿ ಓದುವ ಮಕ್ಕಳಿಗೆ ಅನ್ನ ಹಾಕುವ ಪದ್ಧತಿ ಹಳೆಯದು. ಅದು ಇವತ್ತಿಗೂ ನಿಂತಿಲ್ಲ ಅನ್ನೋದು ನನಗೆ ಬಹಳ ಹೆಮ್ಮೆಯ ವಿಷಯ. ತುಮಕೂರಿನ ಸಿದ್ಧಗಂಗಾ ಮಠ ಸಾವಿರಾರು ಮಕ್ಕಳಿಗೆ ಊಟ, ವಸತಿ ಕೊಡುತ್ತಿದೆ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಳಿದು ಓದಿದವರು ಉತ್ತರ ಕರ್ನಾಟಕದ ತುಂಬ ಸಿಗುತ್ತಾರೆ. ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರ ಛತ್ರದ ಜೊತೆಗೆ ವಿದ್ಯಾರ್ಥಿನಿಲಯವೂ ಇದೆ. ಒಕ್ಕಲಿಗರು, ಕುರುಬರು, ದೇವಾಂಗರು ಹೀಗೆ ಹಲವು ಸಮುದಾಯಗಳ ಸಂಘಗಳೂ ಹಾಸ್ಟೆಲ್ ನಡೆಸುತ್ತವೆ. ಹೆಣ್ಣುಮಕ್ಕಳಿಗೆ ವೈಡಬ್ಲ್ಯುಸಿಎ ಹಾಸ್ಟೆಲ್‌ಗಳಿವೆ. ಕೆಲವು ಕಡೆ ತಮ್ಮ ಸಮುದಾಯದವರಿಗೆ ಮಾತ್ರ ಜಾಗ, ಕೆಲವು ಕಡೆ ಎಲ್ಲರಿಗೂ. ಇವುಗಳಲ್ಲಿ ಬಹಳಷ್ಟಕ್ಕೆ ಆನ್‌ಲೈನ್ ಅರ್ಜಿ ಇಲ್ಲ. ಮೇ, ಜೂನ್ ತಿಂಗಳಲ್ಲಿ ಕಚೇರಿಗೆ ನೇರವಾಗಿ ಹೋಗಿ ಅರ್ಜಿ ಯಾವಾಗ ಕೊಡುತ್ತೀರಿ ಅಂತ ಕೇಳಬೇಕು. ಅಂಕಪಟ್ಟಿಯ ಜೆರಾಕ್ಸ್, ಊರಿನ ಹಿರಿಯರೊಬ್ಬರ ಪರಿಚಯ ಪತ್ರ ಕೈಯಲ್ಲಿದ್ದರೆ ಒಳ್ಳೆಯದು.

ಹೆಜ್ಜೆ 5: ಬಾಡಿಗೆ ನೋಡಬೇಡಿ, ತಿಂಗಳ ಒಟ್ಟು ಖರ್ಚು ನೋಡಿ

ಮೇಲಿನ ಯಾವುದೂ ಸಿಗಲಿಲ್ಲ ಅಂದರೆ ಪಿಜಿ ಅಥವಾ ರೂಮು. ಇಲ್ಲಿ ಎಲ್ಲರೂ ಎಡವೋದು ಲೆಕ್ಕದಲ್ಲಿ.

ಎರಡು ಪಿಜಿ ಇವೆ ಅಂದುಕೊಳ್ಳಿ. ಒಂದು ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರ. ಮೂರು ಹೊತ್ತಿನ ಊಟ ಸೇರಿ 9,000. ಮಧ್ಯಾಹ್ನ ಅಲ್ಲಿಗೇ ಬಂದು ಉಣ್ಣಬಹುದು. ಇನ್ನೊಂದು ದೂರ. ಬೆಳಗ್ಗೆ, ರಾತ್ರಿ ಊಟ ಸೇರಿ 6,000. ಮೇಲ್ನೋಟಕ್ಕೆ 3,000 ಉಳಿತಾಯ ಅಲ್ವಾ? ಈಗ ತಿಂಗಳಿಗೆ 26 ದಿನ ಮಧ್ಯಾಹ್ನದ ಊಟಕ್ಕೆ 70 ರೂಪಾಯಿ ಹಾಕಿ. 1,820 ಆಯಿತು. ಮೆಟ್ರೊದಲ್ಲಿ ಒಂದು ಸಲಕ್ಕೆ 40 ರೂಪಾಯಿ ಅಂದರೂ ಹೋಗಿ ಬರಲು ತಿಂಗಳಿಗೆ 2,080. ಒಟ್ಟು 9,900. ಅಗ್ಗದ ಪಿಜಿ 900 ರೂಪಾಯಿ ದುಬಾರಿಯಾಯಿತು. ಜೊತೆಗೆ ದಿನಕ್ಕೆ ಎರಡು ಗಂಟೆ ದಾರಿಯಲ್ಲಿ ಹೋಯಿತು. 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೊ ದರ ಏರಿ, ದೂರದ ಪ್ರಯಾಣಕ್ಕೆ 90 ರೂಪಾಯಿವರೆಗೆ ಆದ ಮೇಲೆ ಈ ಲೆಕ್ಕ ಇನ್ನೂ ಮುಖ್ಯವಾಗಿದೆ.

ಇದೇ ಲೆಕ್ಕ ಹೆಣ್ಣುಮಕ್ಕಳಿಗೆ ಬೇರೆ ಥರ ಬರುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದ ಮಹಿಳೆಯರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಓಡಾಟ ಉಚಿತ. ಹಾಗಾಗಿ ನೇರ ಬಸ್ಸಿರುವ ದೂರದ ಪಿಜಿ ಹುಡುಗಿಗೆ 7,820ಕ್ಕೇ ಮುಗಿಯುತ್ತದೆ. ಆದರೆ ಬಸ್ಸಿಳಿದು ಪಿಜಿಗೆ ನಡೆಯುವ ದಾರಿಯನ್ನು ಕತ್ತಲಾದ ಮೇಲೆ ಒಮ್ಮೆ ನೋಡಿಯೇ ತೀರ್ಮಾನಿಸಿ. ಬೀದಿದೀಪ ಇಲ್ಲದ ಅರ್ಧ ಕಿಲೋಮೀಟರ್ ಇದ್ದರೆ ದಿನಾ ಆಟೊಗೆ ದುಡ್ಡು ಹೋಗುತ್ತದೆ, ಇಲ್ಲವೇ ದಿನಾ ಭಯ. ಹುಡುಗರು ಬಿಎಂಟಿಸಿ ವಿದ್ಯಾರ್ಥಿ ಪಾಸಿಗೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಲಿ. ಪಾಸು ಕೈಗೆ ಬಂದರೆ ಮೇಲಿನ ಲೆಕ್ಕ ಅವರಿಗೂ ಬದಲಾಗುತ್ತದೆ.

ಎಲ್ಲಿ ಹುಡುಕಬೇಕು? ಐಟಿ ಕಂಪನಿಗಳ ಸುತ್ತ ಬೇಡ. ಮಾರತ್ತಹಳ್ಳಿ, ಎಚ್‌ಎಸ್‌ಆರ್, ಕೋರಮಂಗಲದ ಪಿಜಿಗಳು ಸಂಬಳದವರ ಜೇಬು ನೋಡಿ ದರ ಇಟ್ಟಿರುತ್ತವೆ. ಕಾಲೇಜು ಅಲ್ಲೇ ಇದ್ದರೆ ಮಾತು ಬೇರೆ. ವಿಜಯನಗರ, ಚಂದ್ರಾ ಲೇಔಟ್, ನಾಗರಬಾವಿ ಕಡೆ ಓದುವ ಹುಡುಗರೇ ತುಂಬಿದ್ದಾರೆ. ಕೆಎಎಸ್‌ಗೆ ಓದುವವರಿಂದಾಗಿ ಅಲ್ಲಿ ರೀಡಿಂಗ್ ರೂಮು, ಮೆಸ್ಸು ಬೆಳೆದುಕೊಂಡಿವೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಗೂ ಹತ್ತಿರ, ಮೆಟ್ರೊ ಕೂಡ ಇದೆ. ಹನುಮಂತನಗರ, ಶ್ರೀನಗರದ ಹಳೆಯ ಓಣಿಗಳಲ್ಲಿ ಮಹಡಿ ಮೇಲಿನ ಸಣ್ಣ ರೂಮುಗಳು ಇನ್ನೂ ಸಿಗುತ್ತವೆ. ಇವು ಯಾವ ಆ್ಯಪ್‌ನಲ್ಲೂ ಇರೋದಿಲ್ಲ. ಟು-ಲೆಟ್ ಬೋರ್ಡ್ ನೋಡಿಕೊಂಡು ನಡೆಯಬೇಕು, ಬೀದಿ ತುದಿಯ ಕಿರಾಣಿ ಅಂಗಡಿಯಲ್ಲಿ ಕೇಳಬೇಕು. ಮೈಸೂರಿನಲ್ಲಿ ಮಾನಸಗಂಗೋತ್ರಿಗೆ ಹೋಗುವವರು ಪಡುವಾರಹಳ್ಳಿ, ಸರಸ್ವತಿಪುರಂ ಕಡೆ, ಧಾರವಾಡದವರು ಸಪ್ತಾಪುರದ ಕಡೆ ಹೀಗೆ ನಡೆದು ನೋಡಲಿ. ಸಪ್ತಾಪುರದಲ್ಲಿ ಬರೀ ರೂಮು ಹಿಡಿದು ಖಾನಾವಳಿಯಲ್ಲಿ ತಿಂಗಳ ಊಟ ಗೊತ್ತು ಮಾಡಿಕೊಳ್ಳೋದು ಪಿಜಿಗಿಂತ ಅಗ್ಗವಾಗಬಹುದು.

ಹೆಜ್ಜೆ 6: ಮೊದಲ ಎರಡು ವಾರ ಎಲ್ಲಾದರೂ ತಾತ್ಕಾಲಿಕವಾಗಿ ಇರಿ

ನನ್ನ ಪ್ರಕಾರ ಇಡೀ ಹುಡುಕಾಟದಲ್ಲಿ ಇದೇ ಮುಖ್ಯ. ನೆಂಟರ ಮನೆ, ಊರಿನ ಹುಡುಗರ ರೂಮು, ದಿನದ ಲೆಕ್ಕದ ಪಿಜಿ, ಯಾವುದಾದರೂ ಸರಿ. ಎರಡು ವಾರ ಅಲ್ಲಿಂದ ಕಾಲೇಜಿಗೆ ಹೋಗಿ ಬನ್ನಿ. ಆಗ ಕ್ಲಾಸು ಎಷ್ಟು ಹೊತ್ತಿಗೆ ಬಿಡುತ್ತದೆ, ಯಾವ ಬಸ್ಸು ನೇರ ಬರುತ್ತದೆ, ಸೀನಿಯರ್‌ಗಳು ಎಲ್ಲಿ ಉಳಿದಿದ್ದಾರೆ ಅನ್ನೋದು ಗೊತ್ತಾಗುತ್ತದೆ. ಕ್ಲಾಸಿನಲ್ಲಿ ಜೊತೆಗಾರರೂ ಸಿಗುತ್ತಾರೆ. ದಿನದ ಲೆಕ್ಕ ದುಬಾರಿ ಅನ್ನಿಸಬಹುದು. ಗೊತ್ತಿಲ್ಲದ ಜಾಗಕ್ಕೆ ಕೊಟ್ಟು ಕಳೆದುಕೊಳ್ಳುವ ಅಡ್ವಾನ್ಸ್‌ಗೆ ಹೋಲಿಸಿದರೆ ಅದು ಏನೇನೂ ಅಲ್ಲ.

ಆಗುವುದಾದರೆ ಮೇ, ಜೂನ್‌ನಲ್ಲೇ ಒಮ್ಮೆ ಬಂದು ನೋಡಿ ಹೋಗಿ. ಕೊನೆಯ ವರ್ಷದವರು ರೂಮು ಖಾಲಿ ಮಾಡುವ ಸಮಯ ಅದು. ಅವರ ರೂಮು ನೇರವಾಗಿ ಹಿಡಿದರೆ ಬ್ರೋಕರ್ ಬೇಕಾಗಿಲ್ಲ. ಮಂಚ, ಬಕೆಟ್ಟು, ಸ್ಟೌವು ಅರ್ಧ ಬೆಲೆಗೆ ಅವರಿಂದಲೇ ಸಿಗುತ್ತವೆ.

ಹೆಜ್ಜೆ 7: ಪಿಜಿ ನೋಡಲು ಸಂಜೆ ಹೋಗಿ

ಬೆಳಗ್ಗೆ ಹನ್ನೊಂದಕ್ಕೆ ಹೋದರೆ ಎಲ್ಲ ಪಿಜಿಯೂ ಚೆನ್ನಾಗಿ ಕಾಣುತ್ತದೆ. ಯಾರೂ ಇರೋದಿಲ್ಲ, ನೆಲ ಒರೆಸಿರುತ್ತಾರೆ. ಸಂಜೆ ಏಳೂವರೆಯಿಂದ ಒಂಬತ್ತರ ಒಳಗೆ ಹೋಗಿ. ಊಟದ ಹೊತ್ತದು. ಸಾಧ್ಯವಾದರೆ ದುಡ್ಡು ಕೊಟ್ಟು ಒಂದು ಊಟ ಮಾಡಿ. ಮಾಲೀಕರು ಪಕ್ಕದಲ್ಲಿ ಇಲ್ಲದಾಗ ಅಲ್ಲಿನ ಹುಡುಗರನ್ನೋ ಹುಡುಗಿಯರನ್ನೋ ಮಾತಾಡಿಸಿ. "ಭಾನುವಾರ ರಾತ್ರಿ ಊಟ ಇರುತ್ತಾ? ಬಿಟ್ಟುಹೋದವರಿಗೆ ಅಡ್ವಾನ್ಸ್ ವಾಪಸ್ ಬಂತಾ?" ಈ ಎರಡಕ್ಕೆ ಸಿಗುವ ಉತ್ತರದಲ್ಲೇ ಅರ್ಧ ವಿಷಯ ತಿಳಿಯುತ್ತದೆ.

ನೀರಿನ ಬಗ್ಗೆ ತಪ್ಪದೆ ಕೇಳಿ. ಕಾವೇರಿ ನೀರಾ, ಬೋರ್‌ವೆಲ್ಲಾ, ಟ್ಯಾಂಕರಾ? 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ನಂಬಿದ್ದ ಬಡಾವಣೆಗಳು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಟ್ಯಾಂಕರ್ ಒಂದನ್ನೇ ನಂಬಿರುವ ಪಿಜಿಯಲ್ಲಿ ಮಾರ್ಚ್, ಏಪ್ರಿಲ್ ಬಂದರೆ ಸ್ನಾನಕ್ಕೂ ಕಷ್ಟ. ಬೇಸಿಗೆ ಅನ್ನೋ ನೆಪದಲ್ಲಿ ಬಾಡಿಗೆಯೂ ಏರಬಹುದು.

ಪಿಜಿಗಳಿಗೆ ಏನಿರಬೇಕು ಅಂತ ಆಗಿನ ಬಿಬಿಎಂಪಿ 2024ರ ಆಗಸ್ಟ್‌ನಲ್ಲಿ ಒಂದು ಮಾರ್ಗಸೂಚಿ ಹೊರಡಿಸಿತ್ತು. ಕೋರಮಂಗಲದ ಪಿಜಿಯೊಂದರಲ್ಲಿ ಯುವತಿಯ ಕೊಲೆ ನಡೆದ ಮೇಲೆ ಬಂದದ್ದು ಅದು. ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಪ್ರವೇಶ ದ್ವಾರ ಮತ್ತು ಕಾರಿಡಾರ್‌ಗಳಲ್ಲಿ ಸಿಸಿಟಿವಿ, ಇಡೀ ದಿನ ಒಬ್ಬ ಸಿಬ್ಬಂದಿ, ಬೆಂಕಿ ಸುರಕ್ಷತೆ, ವ್ಯಾಪಾರ ಪರವಾನಗಿ ಇರಬೇಕು ಅಂತ ಅದರಲ್ಲಿದೆ. ಅಡುಗೆ ಇದ್ದರೆ ಆಹಾರ ಸುರಕ್ಷತೆಯ ಲೈಸೆನ್ಸ್ ಕೂಡ ಬೇಕು. ಪಾಲಿಕೆಯ ಸಹಾಯವಾಣಿ 1533 ಮತ್ತು ಪೊಲೀಸರ ಸಹಾಯವಾಣಿಯ ನಂಬರು ಗೋಡೆಯ ಮೇಲೆ ಕಾಣುವಂತೆ ಹಾಕಿರಬೇಕು. ಅಗ್ಗದ ಪಿಜಿಗಳಲ್ಲಿ 70 ಚದರಡಿ ಸಿಗೋದು ಅಪರೂಪ. ಆದರೆ ಕಿಟಕಿಯೇ ಇಲ್ಲದ ರೂಮು, ಇಡೀ ಕಟ್ಟಡಕ್ಕೆ ಒಂದೇ ಕಿರಿದಾದ ಮೆಟ್ಟಿಲು, ಆ ಮೆಟ್ಟಿಲ ಕೆಳಗೇ ಗ್ಯಾಸ್ ಸಿಲಿಂಡರ್ ಸಾಲು, ಇವು ಕಂಡರೆ ಎಷ್ಟೇ ಅಗ್ಗವಿದ್ದರೂ ಹೊರಟುಬನ್ನಿ. ಇದರಲ್ಲಿ ನನ್ನದು ಒಂದೇ ಮಾತು. ಒಂದು ಟಾಯ್ಲೆಟ್‌ಗೆ ಎಷ್ಟು ಜನ, ಲಾಕರ್‌ಗೆ ನಿಮ್ಮದೇ ಬೀಗ ಹಾಕಬಹುದಾ, ರಾತ್ರಿ ಓದಲು ಲೈಟು ಇರುತ್ತಾ ಅನ್ನೋದನ್ನೂ ಅಲ್ಲೇ ನೋಡಿಕೊಳ್ಳಿ.

ಹೆಜ್ಜೆ 8: ದುಡ್ಡು ಕೊಡುವ ಮುಂಚೆ

ಪಿಜಿಯವರು ಬಾಯಲ್ಲಿ ಹೇಳುವ ಮಾತು ಬೇರೆ, ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರೋದು ಬೇರೆ. ಕೇಳಬೇಕಾದದ್ದು ಇಷ್ಟು: ಅಡ್ವಾನ್ಸ್ ಎಷ್ಟು? ಬಿಡುವಾಗ ಅದರಲ್ಲಿ ಮೇಂಟೆನೆನ್ಸ್ ಅಂತ ಎಷ್ಟು ಹಿಡಿಯುತ್ತೀರಿ? ಎಷ್ಟು ದಿನ ಮುಂಚೆ ಹೇಳಬೇಕು? ಕನಿಷ್ಠ ಇಷ್ಟು ತಿಂಗಳು ಇರಲೇಬೇಕು ಅನ್ನೋ ಷರತ್ತು ಇದೆಯಾ? ಪರೀಕ್ಷೆ ಮುಗಿದು ಒಂದು ತಿಂಗಳು ಊರಿಗೆ ಹೋದರೆ ಆ ತಿಂಗಳ ಬಾಡಿಗೆ ಪೂರ್ತಿನಾ, ಅರ್ಧನಾ? ಕರೆಂಟ್ ಬಿಲ್ ಸೇರಿದೆಯಾ? ಉತ್ತರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾಲೀಕರಿಗೇ ಬರೆದು ಕಳಿಸಿ. "ಸರ್, ನೀವು ಹೇಳಿದ್ದು ಹೀಗೆ, ಸರಿನಾ?" ಅಂತ ಕೇಳಿ. ಅವರು ಹೌದು ಅಂದ ಆ ಒಂದು ಮೆಸೇಜು ಮುಂದೆ ದೊಡ್ಡ ಆಧಾರ.

ಬಾಡಿಗೆಯ ಮೇಲೆ ಜಿಎಸ್‌ಟಿ ಅಂತ ಜಾಸ್ತಿ ಕೇಳುವವರೂ ಇದ್ದಾರೆ. 2024ರ ಜುಲೈನಿಂದ, ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿವರೆಗಿನ ವಸತಿಗೆ, ಸತತ 90 ದಿನ ಉಳಿಯುವುದಾದರೆ ಜಿಎಸ್‌ಟಿ ವಿನಾಯಿತಿ ಇದೆ. ಇಡೀ ಸೆಮಿಸ್ಟರ್ ಉಳಿಯುವ ವಿದ್ಯಾರ್ಥಿ ಇದರೊಳಗೆ ಬರುತ್ತಾನೆ. ಶಾಂತವಾಗಿ ಹೇಳಿ, ಬಿಲ್ ಕೇಳಿ.

ಹಣವನ್ನು ಯುಪಿಐಯಲ್ಲಿ ಕೊಡಿ, ನಗದು ಕೊಟ್ಟರೆ ರಸೀದಿ ಇಲ್ಲದೆ ಏಳಬೇಡಿ. ಒರಿಜಿನಲ್ ಅಂಕಪಟ್ಟಿ, ಒರಿಜಿನಲ್ ಆಧಾರ್ ಯಾರಿಗೂ ಇಟ್ಟುಕೊಳ್ಳಲು ಕೊಡಬೇಡಿ. ಜೆರಾಕ್ಸ್ ಸಾಕು, ಅದರ ಮೇಲೆ ಯಾವ ಕೆಲಸಕ್ಕೆ ಕೊಟ್ಟದ್ದು ಅಂತ ಬರೆದು ಸಹಿ ಹಾಕಿ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಮೊದಲ ವರ್ಷಕ್ಕೆ ಬರುವ ಎಷ್ಟೋ ಮಕ್ಕಳಿಗೆ 18 ತುಂಬಿರುವುದಿಲ್ಲ. ಅಂಥವರು ಹಾಕಿದ ಸಹಿಯಿಂದ ಕರಾರು ನಿಲ್ಲುವುದಿಲ್ಲ. ಅಪ್ಪನೋ ಅಮ್ಮನೋ ಸಹಿ ಹಾಕಬೇಕು. ಅವರು ಊರಿಂದ ಬರುವ ದಿನವನ್ನು ಇದಕ್ಕೆ ತಕ್ಕ ಹಾಗೆ ಇಟ್ಟುಕೊಳ್ಳಿ.

ನೋಡದ ಜಾಗಕ್ಕೆ ಟೋಕನ್ ಅಡ್ವಾನ್ಸ್ ಕಳಿಸಬೇಡಿ. ಫೋಟೊ ಚೆಂದ, ಬಾಡಿಗೆ ಕಡಿಮೆ, ಮಾಲೀಕರು ಮಾತ್ರ ಬೇರೆ ಊರಿನಲ್ಲಿ, ಸೈನ್ಯದಲ್ಲಿದ್ದೇನೆ ಅನ್ನುತ್ತಾರೆ. ಇದು ಹಳೆಯ ಮೋಸ. "ಕ್ಯುಆರ್ ಸ್ಕ್ಯಾನ್ ಮಾಡಿ, ನಿಮಗೇ ದುಡ್ಡು ಬರುತ್ತದೆ" ಅಂದರೆ ಫೋನ್ ಇಟ್ಟುಬಿಡಿ. ದುಡ್ಡು ಬರಲು ಪಿನ್ ಒತ್ತಬೇಕಾಗಿಲ್ಲ. ಹಣ ಹೋಗಿಯೇ ಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಯುವ ಸಾಧ್ಯತೆ ಜಾಸ್ತಿ.

ಹೆಜ್ಜೆ 9: ಮೂವರು ಸೇರಿ ಮನೆ ಮಾಡುವುದಾದರೆ

ಮೊದಲ ಸೆಮಿಸ್ಟರ್‌ನಲ್ಲೇ ಇದು ಬೇಡ ಅನ್ನೋದು ನನ್ನ ಅಭಿಪ್ರಾಯ. ಜೊತೆಗಾರರ ಸ್ವಭಾವ ಗೊತ್ತಾಗಲು ನಾಲ್ಕು ತಿಂಗಳು ಬೇಕು. ಎರಡನೇ ಸೆಮಿಸ್ಟರ್ ಹೊತ್ತಿಗೆ ಮಾಡಿದರೆ ಒಳ್ಳೆಯ ಉಳಿತಾಯ ಆಗಬಹುದು, ಅಡುಗೆ ಮಾಡಿಕೊಳ್ಳಲು ತಯಾರಿದ್ದರೆ ಮಾತ್ರ.

14,000 ಬಾಡಿಗೆಯ ಮನೆಗೆ ಮೂವರು ಅಂದರೆ ತಲೆಗೆ ಸುಮಾರು 4,670. ಆದರೆ ಬೆಂಗಳೂರಿನಲ್ಲಿ ಡಿಪಾಸಿಟ್ ದೊಡ್ಡದು. ಹಿಂದೆ ಹತ್ತು ತಿಂಗಳ ಬಾಡಿಗೆ ಕೇಳುವ ರೂಢಿಯಿತ್ತು, ಈಗ ಐದಾರು ತಿಂಗಳಿಗೆ ಒಪ್ಪುವವರೂ ಸಿಗುತ್ತಾರೆ. ಐದು ತಿಂಗಳೆಂದರೂ 70,000. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯೋದು ಇಲ್ಲಿನ ವಾಡಿಕೆ. ಬ್ರೋಕರ್ ಇದ್ದರೆ ಅವರಿಗೂ ಒಂದು ತಿಂಗಳದ್ದು. ಹಾಗಾಗಿ ಮೊದಲ ವರ್ಷ ಎರಡು ತಿಂಗಳ ಬಾಡಿಗೆ ಅಂದರೆ 28,000 ಸುಮ್ನೆ ಹೋಗುತ್ತದೆ. ಹನ್ನೊಂದು ತಿಂಗಳಿಗೆ ಹಂಚಿದರೆ ತಲೆಗೆ ತಿಂಗಳಿಗೆ 850ರಷ್ಟು ಸೇರಿಸಿಕೊಳ್ಳಿ. ಪೇಂಟಿಂಗ್ ಹಣದ ಬಗ್ಗೆ ಸೇರುವಾಗಲೇ ಚೌಕಾಸಿ ಮಾಡಿ. "ನಾವೇ ಸುಣ್ಣ ಹೊಡೆಸಿ ಕೊಡುತ್ತೇವೆ" ಅಂದರೆ ಒಪ್ಪುವ ಮಾಲೀಕರಿದ್ದಾರೆ.

ಕರಾರು ಹನ್ನೊಂದು ತಿಂಗಳಿಗೆ ಇರೋದು ಯಾಕೆ ಅಂದರೆ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಬೇಕು. ಇ-ಸ್ಟಾಂಪ್ ಪೇಪರಿನ ಮೇಲೆ ಮೂವರ ಹೆಸರೂ ಇರಲಿ. ಒಬ್ಬನ ಹೆಸರಿನಲ್ಲಿ ಮಾಡಿ ಅವನು ಮಧ್ಯದಲ್ಲಿ ಹೋದರೆ ಉಳಿದಿಬ್ಬರ ಡಿಪಾಸಿಟ್ಟಿಗೆ ದಾಖಲೆಯೇ ಇರೋದಿಲ್ಲ. ಯಾರು ಎಷ್ಟು ಕೊಟ್ಟರು ಅಂತ ನಿಮ್ಮ ನಿಮ್ಮಲ್ಲೂ ಒಂದು ಚೀಟಿ ಬರೆದುಕೊಳ್ಳಿ.

ಬಾಡಿಗೆ ಮನೆಗೂ ಗೃಹಜ್ಯೋತಿ ಸಿಗುತ್ತದೆ. ಹಿಂದಿದ್ದ ಬಾಡಿಗೆದಾರರ ಆಧಾರ್ ಜೋಡಣೆ ತೆಗೆಸಿ ನಿಮ್ಮದನ್ನು ಹಾಕಿಸಬೇಕು. ಅಡುಗೆಗೆ ವಿಳಾಸದ ಪುರಾವೆ ಇಲ್ಲದೆ ಬರೀ ಗುರುತಿನ ಚೀಟಿ ತೋರಿಸಿದರೂ ಸಿಗುವ 5 ಕೆಜಿಯ ಅಧಿಕೃತ ಸಿಲಿಂಡರ್ ತಗೊಳ್ಳಿ. ಬೀದಿಯಲ್ಲಿ ತುಂಬಿಕೊಡುವ ಸಣ್ಣ ಸಿಲಿಂಡರ್ ಜೀವಕ್ಕೆ ಅಪಾಯ. ತಿಂಗಳ ಕೊನೆಯಲ್ಲಿ ಕೈ ಬರಿದಾದರೆ ಇಂದಿರಾ ಕ್ಯಾಂಟೀನ್ ಇದೆ. ಅಲ್ಲಿ ಬೆಳಗಿನ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ.

ಮನೆ ಹುಡುಕುವಾಗ ಹೆಸರಿನ ಹಿಂದೆಯೇ "ನೀವು ಯಾವ ಜನ?" ಅಂತ ಕೇಳುವವರು ಸಿಗುತ್ತಾರೆ. ವೆಜ್‌ನವರಿಗೆ ಮಾತ್ರ ಅನ್ನುತ್ತಾರೆ. ಈಗಷ್ಟೇ ಇದ್ದ ಮನೆ, ಹೆಸರು ಕೇಳಿದ ಮೇಲೆ ಇಲ್ಲವಾಗುತ್ತದೆ. ದಲಿತ, ಮುಸ್ಲಿಂ ಮಕ್ಕಳಿಗೆ ಇದು ಎಷ್ಟು ನೋವು ಕೊಡುತ್ತದೆ ಅಂತ ಹತ್ತಿರದಿಂದ ನೋಡಿದ್ದೇನೆ, ನನಗೆ ಸಿಟ್ಟು ಬರುತ್ತದೆ. ಹದಿನೆಂಟರ ಮಗುವಿಗೆ ಊರು ಕೊಡುವ ಮೊದಲ ಪಾಠ ಇದಾಗಬಾರದು. ಇದು ಬದಲಾಗುವವರೆಗೆ ಮಾಡಬಹುದಾದದ್ದು ಇಷ್ಟು. ಫೋನಿನಲ್ಲೇ ಹೆಸರು, ಊಟದ ಪದ್ಧತಿ ಹೇಳಿಬಿಡಿ, ದಾರಿ ಖರ್ಚು ಉಳಿಯುತ್ತದೆ. ಸೀನಿಯರ್‌ಗಳು ಬಿಡುವ ರೂಮನ್ನು ಅವರ ಮೂಲಕವೇ ಹಿಡಿಯಿರಿ. ಆ ಮಾಲೀಕರು ಎಂಥವರು ಅಂತ ಅವರಿಗೆ ಗೊತ್ತಿರುತ್ತದೆ. ಇದನ್ನು ಓದುವ ಮನೆ ಮಾಲೀಕರು ಯಾರಾದರೂ ಇದ್ದರೆ, ದಯವಿಟ್ಟು ಓದಲು ಬಂದ ಮಕ್ಕಳನ್ನು ಈ ಪ್ರಶ್ನೆ ಕೇಳಬೇಡಿ.

ಹೆಜ್ಜೆ 10: ಸೇರಿದ ದಿನ, ಬಿಡುವ ದಿನ

ಒಳಗೆ ಸಾಮಾನು ಇಡುವ ಮುಂಚೆ ರೂಮಿನ ವೀಡಿಯೊ ಮಾಡಿ. ಗೋಡೆಯ ಕಲೆ, ಒಡೆದ ಸ್ವಿಚ್, ಸೋರುವ ನಲ್ಲಿ, ಕಪಾಟಿನ ಬೀಗ ಎಲ್ಲವೂ ಬರಲಿ. ಅದೇ ದಿನ ಮಾಲೀಕರಿಗೆ ಕಳಿಸಿಬಿಡಿ. ಬಿಡುವಾಗ "ಇದನ್ನು ನೀವೇ ಹಾಳು ಮಾಡಿದ್ದು" ಅನ್ನೋ ಮಾತಿಗೆ ಇದೇ ಉತ್ತರ.

ಬಿಡುವ ನೋಟಿಸನ್ನು ಬರಹದಲ್ಲೇ, ತಾರೀಖು ಹಾಕಿ ಕೊಡಿ. ಅಡ್ವಾನ್ಸ್ ವಾಪಸ್ ಕೊಡದೆ ಸತಾಯಿಸಿದರೆ ಮೊದಲು ಲಿಖಿತವಾಗಿ ಕೇಳಿ, ಒಂದು ಗಡುವು ಕೊಡಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವಿಲ್ಲ. ಇದಿಷ್ಟು ಗೊತ್ತಿದೆ ಅಂತ ತಿಳಿದರೇ ಸಾಕು, ಎಷ್ಟೋ ಪಿಜಿಯವರು ಲೆಕ್ಕ ಮುಗಿಸಿಬಿಡುತ್ತಾರೆ.

ಮೊದಲ ವರ್ಷ ಸರ್ಕಾರಿ ಹಾಸ್ಟೆಲ್ ಸಿಗದಿದ್ದವರು ಎರಡನೇ ವರ್ಷಕ್ಕೆ ಮತ್ತೆ ಅರ್ಜಿ ಹಾಕಿ. ಸಿಕ್ಕವರು ನವೀಕರಣ ಮರೆಯಬೇಡಿ. ಅರ್ಜಿ ಯಾವಾಗ ತೆರೆಯುತ್ತದೆ ಅಂತ ಪರೀಕ್ಷೆಯ ರಜೆಯಲ್ಲಿ ಊರಿಗೆ ಹೋದಾಗಲೂ ವಾರಕ್ಕೊಮ್ಮೆ ಪೋರ್ಟಲ್ ತೆರೆದು ನೋಡುತ್ತಿರಿ.